ಟೊಮೆಟೊ ಕೆಂಪಾಗುವ ತನಕ ಜನರನ್ನು ಹಿಡಿದಿಡುವುದು: ಸಮುದಾಯ ತೋಟ ಕಟ್ಟುವವರಿಗೆ ಒಂದು ಕೈಪಿಡಿ

ಸಮುದಾಯ ತೋಟದ ಮೊದಲ ದಿನ ಜನಕ್ಕೆ ಬರವಿರುವುದಿಲ್ಲ. ನಲವತ್ತು ಮಂದಿ ಬರುತ್ತಾರೆ, ಗುದ್ದಲಿ ಹತ್ತೇ ಇರುತ್ತವೆ, ಫೋಟೊ ತೆಗೆಯುವವರೇ ಹದಿನೈದು ಜನ. ಎರಡನೇ ವಾರಕ್ಕೆ ಇಪ್ಪತ್ತು. ಆರನೇ ವಾರ, ಬಿಸಿಲು ಏರಿ, ಕಳೆ ಮೊಣಕಾಲೆತ್ತರ ಎದ್ದು, ಟೊಮೆಟೊ ಇನ್ನೂ ಹೂವಿನಲ್ಲೇ ಇರುವಾಗ, ಬಕೆಟ್ ಹಿಡಿದು ಇಬ್ಬರು ನಿಂತಿರುತ್ತಾರೆ. ಆ ಇಬ್ಬರಲ್ಲಿ ಒಬ್ಬಳಾಗಿ ನಾನು ಎರಡು ತೋಟಗಳಲ್ಲಿ ನಿಂತಿದ್ದೇನೆ. ಒಂದು ತೋಟ ಹಾಳುಬಿತ್ತು. ಇನ್ನೊಂದು ಉಳಿಯಿತು. ಎರಡರಲ್ಲೂ ಮಣ್ಣು ಅಷ್ಟಕ್ಕಷ್ಟೇ, ಗೊಬ್ಬರ ಒಂದೇ. ಉಳಿದ ತೋಟದಲ್ಲಿ ಹದಿನೈದು ದಿನಕ್ಕೊಮ್ಮೆ ಮರದ ನೆರಳಿನಲ್ಲಿ ಕರಕುಶಲ ಶಿಬಿರ ನಡೆಯುತ್ತಿತ್ತು, ವ್ಯತ್ಯಾಸ ಅಷ್ಟೇ.

ತೋಟ ನಮ್ಮಿಂದ ಇವತ್ತು ಇಸಿದುಕೊಂಡು ಎರಡು ತಿಂಗಳ ಮೇಲೆ ತೀರಿಸುವ ಸಾಲಗಾರ. ಅಲ್ಲಿಯವರೆಗೆ ಬರಿಗೈಯಲ್ಲಿ ಮನೆಗೆ ಹೋಗುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದು ಬಯಸುವುದೂ ತಪ್ಪು. ಕರಕುಶಲ ಅಂದಂದಿನ ಕೂಲಿಯನ್ನು ಅಂದೇ ಕೊಡುತ್ತದೆ. ಆದ್ದರಿಂದ ಎರಡನ್ನೂ ಒಂದೇ ನೊಗಕ್ಕೆ ಕಟ್ಟಬೇಕು. ಹೇಗೆಂದು ಕ್ರಮವಾಗಿ ಹೇಳುತ್ತೇನೆ.

ಹೆಜ್ಜೆ 1: ಮಣ್ಣಿಗೆ ಮೊದಲು ಕಾಗದ

ಖಾಲಿ ಜಾಗ ಕಂಡ ಕೂಡಲೇ ಗುದ್ದಲಿ ಎತ್ತಬೇಡಿ. ಜಾಗ ಯಾರದು, ಎಷ್ಟು ವರ್ಷಕ್ಕೆ ಬಿಟ್ಟುಕೊಡುತ್ತಾರೆ, ನೀರಿನ ಖರ್ಚು ಯಾರ ಲೆಕ್ಕಕ್ಕೆ, ಜಾಗ ವಾಪಸ್ ಬೇಕಾದರೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ: ಈ ನಾಲ್ಕು ಮಾತು ಬರಹದಲ್ಲಿರಲಿ. ಒಂದು ಪುಟ ಸಾಕು, ಆದರೆ ಸಹಿ ಬೇಕು. ಅವಧಿ ಮೂರು ವರ್ಷಕ್ಕಿಂತ ಕಡಿಮೆಯಾದರೆ ಹಣ್ಣಿನ ಮರಗಳ ಆಸೆ ಬಿಟ್ಟು ಚೀಲ, ಪೆಟ್ಟಿಗೆಗಳಲ್ಲಿ ಬೆಳೆಯಿರಿ. ಎಬ್ಬಿಸಿದ ದಿನ ಎತ್ತಿಕೊಂಡು ಹೊರಡಬಹುದು.

ಇದು ಅತಿ ಜಾಗರೂಕತೆ ಎನ್ನಿಸಿದರೆ ನ್ಯೂಯಾರ್ಕ್ ನೋಡಿ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಆಕೆಯ ಗೆಳೆಯರು ಅಲ್ಲಿ ಕಸ ತುಂಬಿದ್ದ ಖಾಲಿ ನಿವೇಶನವೊಂದನ್ನು ತೋಟ ಮಾಡಿದರು. ಮರುವರ್ಷವೇ ನಗರಾಡಳಿತದಿಂದ ಅದನ್ನು ಬಾಡಿಗೆಗೆ ಪಡೆದರು. ಅದನ್ನು ಕಂಡು ನಗರದ ತುಂಬ ತೋಟಗಳೆದ್ದವು. 1999ರಲ್ಲಿ ಅದೇ ನಗರಾಡಳಿತ ನೂರಕ್ಕೂ ಹೆಚ್ಚು ಸಮುದಾಯ ತೋಟಗಳ ಜಾಗವನ್ನು ಹರಾಜಿಗೆ ಇಟ್ಟಿತು. ಕೊನೆಗಳಿಗೆಯಲ್ಲಿ ಸೇವಾಸಂಸ್ಥೆಗಳು ದುಡ್ಡು ಕೊಟ್ಟು ಕೊಂಡಿದ್ದರಿಂದ ಅವು ಉಳಿದುಕೊಂಡವು. ಎಲ್ಲ ತೋಟಕ್ಕೂ ಅಂಥ ಅದೃಷ್ಟ ಇರುವುದಿಲ್ಲ.

ಹೆಜ್ಜೆ 2: ಬಿಸಿಲು, ಮಣ್ಣು, ನೀರು

ಬಿಸಿಲನ್ನು ಅಂದಾಜಿನಲ್ಲಿ ಅಳೆಯಬೇಡಿ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆಂದು ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆಯಿರಿ. ಟೊಮೆಟೊ, ಬದನೆ, ಮೆಣಸಿನಕಾಯಿಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆಯ ನೇರ ಬಿಸಿಲು ಬೇಕು. ಸೊಪ್ಪು ನಾಲ್ಕು ಗಂಟೆಯಲ್ಲೂ ಹೊಂದಿಕೊಳ್ಳುತ್ತದೆ. ದಿನವಿಡೀ ನೆರಳಿರುವ ಮೂಲೆ ಸಿಕ್ಕರೆ ಬೇಸರಪಡಬೇಡಿ, ಶಿಬಿರದ ಮೇಜು ಅಲ್ಲಿಗೇ ಬರುತ್ತದೆ.

ಮಣ್ಣಿಗೆ ಒಂದು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ನಿಲ್ಲಿಸಿ. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕಿಳಿಯುತ್ತದೆ, ಅದರ ಮೇಲೆ ಕೆಲವು ಗಂಟೆಗಳಲ್ಲಿ ಗೋಡು, ಜೇಡಿ ಮಾತ್ರ ಒಂದೆರಡು ದಿನ ತೇಲುತ್ತಲೇ ಇರುತ್ತದೆ. ಪದರಗಳ ದಪ್ಪ ನೋಡಿದರೆ ನಿಮ್ಮ ಮಣ್ಣು ಎಂಥದ್ದೆಂದು ಮಕ್ಕಳೂ ಹೇಳುತ್ತಾರೆ. ನೀರು ಇಂಗುವುದನ್ನು ನೋಡಲು ಒಂದಡಿ ಗುಂಡಿ ತೋಡಿ ಒಮ್ಮೆ ನೀರು ತುಂಬಿ ಇಂಗಿಸಿ, ಮತ್ತೆ ತುಂಬಿಸಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ನೆಲದಲ್ಲಿ ನೆಡುವ ಆಸೆ ಬಿಟ್ಟು ಎತ್ತರಿಸಿದ ಪಾತಿ ಕಟ್ಟಿ.

ಹಳೆಯ ಕಟ್ಟಡ ಕೆಡವಿದ ಜಾಗ, ವಾಹನ ದಟ್ಟಣೆಯ ರಸ್ತೆಯ ಬದಿ ಅಥವಾ ಗ್ಯಾರೇಜ್ ಇದ್ದ ಜಾಗವಾದರೆ ಪ್ರಯೋಗಾಲಯದಲ್ಲಿ ಸೀಸದ ಪರೀಕ್ಷೆ ಮಾಡಿಸಲೇಬೇಕು. ಹಿಂದಿನ ಬಣ್ಣಗಳಲ್ಲಿಯೂ ಪೆಟ್ರೋಲಿನಲ್ಲಿಯೂ ಇದ್ದ ಸೀಸ ಮಣ್ಣು ಬಿಟ್ಟು ಹೋಗುವುದಿಲ್ಲ. ಇಂಥ ಮಣ್ಣಿನ ಅಪಾಯ ಗೆಡ್ಡೆ ಮತ್ತು ಸೊಪ್ಪಿನಲ್ಲಿ ಹೆಚ್ಚು, ಕಾಯಿಗಳಲ್ಲಿ ಕಡಿಮೆ. ಅನುಮಾನವಿದ್ದರೆ ಹೊರಗಿನ ಒಳ್ಳೆಯ ಮಣ್ಣು ತಂದು, ತಳಕ್ಕೆ ಬಟ್ಟೆ ಹಾಸಿ ಪೆಟ್ಟಿಗೆ ಪಾತಿ ಮಾಡಿ.

ಇನ್ನು ನೀರು. ಲೆಕ್ಕ ಹಾಕದೆ ಪಾತಿ ಕಟ್ಟುವವರೇ ಹೆಚ್ಚು, ಅದಕ್ಕೇ ಇಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. ತರಕಾರಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು, ಅಂದರೆ ಚದರ ಮೀಟರಿಗೆ 25 ಲೀಟರ್ ಬೇಕು. 1.2 ಮೀಟರ್ ಅಗಲ, 3 ಮೀಟರ್ ಉದ್ದದ ಒಂದು ಪಾತಿಗೆ 90 ಲೀಟರ್. ಹತ್ತು ಪಾತಿಗೆ 900 ಲೀಟರ್. ಹತ್ತು ಲೀಟರಿನ ಬಕೆಟಿನಲ್ಲಿ ತೊಂಬತ್ತು ಸಲ. ಕಡುಬೇಸಿಗೆಯಲ್ಲಿ ಇದು ಎರಡು ಪಟ್ಟಾಗಬಹುದು. ನಲ್ಲಿ ಐವತ್ತು ಹೆಜ್ಜೆ ದೂರವಿದೆಯೆಂದರೆ ತುಂಬಿದ ಬಕೆಟ್ ಹಿಡಿದು ಒಮ್ಮೆ ನಡೆದು ನೋಡಿ, ಎಷ್ಟು ಪಾತಿ ಸಾಕೆಂದು ನಿಮ್ಮ ಭುಜವೇ ಹೇಳುತ್ತದೆ. ನಮ್ಮ ಹಾಳುಬಿದ್ದ ತೋಟದಲ್ಲಿ ಹದಿನೆಂಟು ಪಾತಿಗಳಿದ್ದವು, ಒಂದು ನಲ್ಲಿ, ಅದೂ ಗೇಟಿನ ಹೊರಗೆ.

ಹೆಜ್ಜೆ 3: ಚಿಕ್ಕದಾಗಿ ಕಟ್ಟಿ

ಮೊದಲ ವರ್ಷ ಐದಾರು ಪಾತಿ ಸಾಕು. ಅಗಲ 1.2 ಮೀಟರಿಗಿಂತ ಹೆಚ್ಚಾಗಬಾರದು, ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಪಾತಿಯೊಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಮಕ್ಕಳ ಪಾತಿಯಾದರೆ ಅಗಲ 90 ಸೆಂಟಿಮೀಟರಿಗೆ ಇಳಿಸಿ. ಒಂದು ಪಾತಿಯನ್ನಾದರೂ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವಷ್ಟು ಎತ್ತರಕ್ಕೆ, 60ರಿಂದ 75 ಸೆಂಟಿಮೀಟರ್ ಕಟ್ಟಿಸಿ, ಅದರ ಸುತ್ತ ಗಾಲಿಕುರ್ಚಿ ಸಲೀಸಾಗಿ ಹೋಗುವಂತೆ ಒಂದು ಮೀಟರ್ ದಾರಿ ಬಿಡಿ. ಮಂಡಿನೋವಿನ ಹಿರಿಯರು ತೋಟ ಬಿಟ್ಟು ಹೋಗುವುದು ಬಗ್ಗಲಾಗದ್ದಕ್ಕೆ, ಆಸಕ್ತಿ ಇಲ್ಲದ್ದಕ್ಕಲ್ಲ.

ಬೇಗ ಕೈಗೆ ಬರುವ ಬೆಳೆಯನ್ನು ಮೊದಲು ಹಾಕಿ. ಮೂಲಂಗಿ, ಮೆಂತ್ಯ, ಹರಿವೆ ಸುಮಾರು ಒಂದು ತಿಂಗಳಿನಲ್ಲೇ ಕೀಳಲು ಬರುತ್ತವೆ. ಹುರುಳಿಕಾಯಿ 50ರಿಂದ 60 ದಿನ. ಟೊಮೆಟೊ ಸಸಿ ನೆಟ್ಟ ಮೇಲೆ ಎರಡು ತಿಂಗಳಿಗೂ ಹೆಚ್ಚು. ಪ್ರತಿ ಪಾತಿಯ ಒಂದು ಅಂಚಿಗೆ ಚೆಂಡುಹೂವಿನ ಸಾಲು ಹಾಕಿ. ಅಲಂಕಾರಕ್ಕೆಂದು ಬಗೆಯಬೇಡಿ, ಅದು ಶಿಬಿರದ ಕಚ್ಚಾಮಾಲು.

ಸಸಿ ಎದ್ದ ಮೇಲೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆಯನ್ನು ಮೂರು ಬೆರಳು ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ ಸುತ್ತ ಸ್ವಲ್ಪ ಬಯಲು ಬಿಡಿ. ಕಳೆ ಅರ್ಧ ಕಡಿಮೆಯಾದರೆ ಜಗಳವೂ ಅರ್ಧ ಕಡಿಮೆ.

ಹೆಜ್ಜೆ 4: ಸರದಿ ಮತ್ತು ಬಟ್ಟೆಯ ಗಂಟು

ವಾಟ್ಸ್ಆ್ಯಪ್ ಗುಂಪಿನಲ್ಲಿ “ಯಾರಾದರೂ ನೀರು ಹಾಕಿ” ಎಂದು ಬರೆದರೆ ಯಾರೂ ಹಾಕುವುದಿಲ್ಲ. ತೋಟದ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಿ, ವಾರದ ಏಳು ದಿನಕ್ಕೆ ಏಳು ಜೋಡಿ ಹೆಸರು ಬರೆಯಿರಿ. ಒಬ್ಬರ ಹೆಸರು ಬೇಡ, ಜೋಡಿಯೇ ಇರಲಿ. ಒಬ್ಬರೇ ಇದ್ದಾಗ ತಪ್ಪಿಸಿಕೊಳ್ಳುವುದು ಸುಲಭ. ಜೊತೆಗಾರರು ಕಾಯುತ್ತಾರೆಂದರೆ ಕಾಲು ತಾನಾಗಿ ಹೊರಡುತ್ತದೆ. ನೀರು ಹಾಕಿದವರು ತಮ್ಮ ದಿನದ ಮುಂದೆ ಗೀಟು ಹಾಕಬೇಕು, ಇಲ್ಲದಿದ್ದರೆ ಒಂದೇ ಪಾತಿಗೆ ಮೂರು ಜನ ನೀರು ಸುರಿದು ಬೇರು ಕೊಳೆಸುತ್ತಾರೆ.

ಬೆಳೆ ಯಾರದು ಎಂಬುದನ್ನು ಬಿತ್ತುವ ಮೊದಲೇ ತೀರ್ಮಾನಿಸಿ. ನಮ್ಮಲ್ಲಿ ಒಬ್ಬರು ಎರಡೂವರೆ ತಿಂಗಳು ಮಗುವಿನಂತೆ ಸಾಕಿದ ಟೊಮೆಟೊ ಗಿಡ, ಅವರು ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಬೋಳಾಗಿತ್ತು. ಕಿತ್ತವರು ಕಳ್ಳರಲ್ಲ, “ಎಲ್ಲರ ತೋಟ ತಾನೆ” ಎಂದುಕೊಂಡಿದ್ದ ನೆರೆಯವರೇ. ಆಕೆ ಏನೂ ಮಾತಾಡಲಿಲ್ಲ, ಗಿಡಕ್ಕೆ ಕಟ್ಟಿದ್ದ ಕೋಲನ್ನು ಕಿತ್ತು ಹೆಗಲ ಮೇಲಿಟ್ಟುಕೊಂಡು ಹೋದರು. ಮತ್ತೆ ಬರಲಿಲ್ಲ. ಆಮೇಲೆ ನಾವು ಮಾಡಿದ ನಿಯಮ ಇಷ್ಟೇ: ಹಳದಿ ಬಟ್ಟೆಯ ಚೂರು ಕಟ್ಟಿದ ಗಿಡದಿಂದ ಯಾರು ಬೇಕಾದರೂ ಕೀಳಬಹುದು, ಕಟ್ಟದಿದ್ದರೆ ಕೇಳಿ ಕೀಳಬೇಕು. ಬಟ್ಟೆಗೆ ಚೆಂಡುಹೂವಿನ ಬಣ್ಣ ಹಾಕಿದ್ದು ಶಿಬಿರದ ಮಕ್ಕಳು.

ಹೆಜ್ಜೆ 5: ಗೊಬ್ಬರ

ಕಾಂಪೋಸ್ಟ್ ಗುಡ್ಡೆ ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರವಿದ್ದರೆ ಒಳಗೆ ಕಾವು ಹಿಡಿಯುತ್ತದೆ, ಅದಕ್ಕಿಂತ ಚಿಕ್ಕದು ಬೇಗ ತಣಿಯುತ್ತದೆ. ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿ ಸಿಪ್ಪೆ, ಹುಲ್ಲು. ಹಿಡಿ ತುಂಬ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಒಸರಬೇಕು. ನಾರುತ್ತಿದ್ದರೆ ಒಣ ಎಲೆ ಸೇರಿಸಿ ತಿರುವಿ. ತಿಂಗಳಾದರೂ ಏನೂ ಆಗದೆ ಹಾಗೇ ಇದ್ದರೆ ನೀರು ಮತ್ತು ಹಸಿ ಸೇರಿಸಿ. ಬೇಯಿಸಿದ ಆಹಾರ, ಎಣ್ಣೆ, ಮಾಂಸ, ರೋಗ ಬಿದ್ದ ಗಿಡ ಬೇಡ.

ಹೊರಗಿನಿಂದ ಗೊಬ್ಬರ ತರಿಸಿದರೆ ಕಣ್ಣುಮುಚ್ಚಿ ಹರಡಬೇಡಿ. ಕೆಲವು ಕಳೆನಾಶಕಗಳು ಹುಲ್ಲಿನಿಂದ ದನದ ಹೊಟ್ಟೆಗೆ, ಅಲ್ಲಿಂದ ಸಗಣಿಗೆ ಬಂದು, ಗೊಬ್ಬರವಾದ ಮೇಲೂ ಉಳಿದಿರುತ್ತವೆ. ಪರೀಕ್ಷೆ ಸುಲಭ. ಮೂರು ಕುಂಡದಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಮೂರರಲ್ಲಿ ಬರಿ ಮಣ್ಣು ತುಂಬಿ ಎಲ್ಲದರಲ್ಲೂ ಹುರುಳಿಕಾಯಿ ಬೀಜ ಹಾಕಿ. ಮೂರು ವಾರದಲ್ಲಿ ಗೊಬ್ಬರದ ಕುಂಡಗಳಲ್ಲಿ ಮಾತ್ರ ಎಳೆ ಎಲೆ ಬಟ್ಟಲಿನಂತೆ ಮುದುಡಿಕೊಂಡರೆ ಆ ಗೊಬ್ಬರವನ್ನು ತಂದವರಿಗೇ ವಾಪಸ್ ಕಳಿಸಿ.

ಹೆಜ್ಜೆ 6: ಶಿಬಿರ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ತಪ್ಪುಗಳು ನಡೆಯುವುದು ಇಲ್ಲೇ.

ಮೊದಲ ತಪ್ಪು, ಅಂಗಡಿಯಿಂದ ಸಾಮಾನು ತಂದು ಮಾಡಿಸುವುದು. ಅಂಟು, ಹೊಳೆಯುವ ಪುಡಿ, ಪ್ಲಾಸ್ಟಿಕ್ ಕಣ್ಣು ಅಂಟಿಸಿದ ಕಲ್ಲಿನ ಗೂಬೆಗೆ ತೋಟವೇಕೆ ಬೇಕು? ಶಿಬಿರದ ಮುಖ್ಯ ವಸ್ತು ತೋಟದಲ್ಲಿ ಆ ವಾರ ಸಿಗುವಂಥದ್ದಾಗಿರಬೇಕು. ಹಾಗಾಗಿ ವೇಳಾಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಬರೆಯಿರಿ. ಬಣ್ಣ ಹಾಕುವ ಶಿಬಿರ ಯಾವಾಗ ಬೇಕೋ ಅದಕ್ಕೆ ಎರಡೂವರೆ ತಿಂಗಳ ಮೊದಲು ಚೆಂಡುಹೂ ಬಿತ್ತಬೇಕು.

ಎರಡನೆಯದು, ಮೊದಲು ಕರಕುಶಲ ಮಾಡಿಸಿ ಆಮೇಲೆ ತೋಟದ ಕೆಲಸಕ್ಕೆ ಕರೆಯುವುದು. ಕೈಯಲ್ಲಿ ಚೆಂದದ ವಸ್ತು ಬಂದ ಮೇಲೆ ಯಾರೂ ಕಳೆ ಕೀಳುವುದಿಲ್ಲ. ಬಂದವರಿಗೆಲ್ಲ ಮೊದಲ ಇಪ್ಪತ್ತು ನಿಮಿಷ ತೋಟದ ಕೆಲಸ ಕೊಡಿ. ಅದರಲ್ಲಿಯೇ ಅವರು ಅಂದಿನ ಕರಕುಶಲಕ್ಕೆ ಬೇಕಾದ ಎಲೆ, ಹೂ, ಕಡ್ಡಿ ಆರಿಸಿಕೊಳ್ಳಲಿ. ಉಳಿದ ಒಂದೂವರೆ ಗಂಟೆ ಮೇಜಿನ ಸುತ್ತ. ಒಬ್ಬ ಕಲಿಸುವವರಿಗೆ ಹನ್ನೆರಡು ಜನ ಮೀರಬಾರದು. ಪೀಠಿಕೆ ಐದು ನಿಮಿಷ. ಹತ್ತನೇ ನಿಮಿಷಕ್ಕೆ ಪ್ರತಿಯೊಬ್ಬರ ಕೈಗೂ ಕೆಲಸ ಬಂದಿರಬೇಕು.

ಮೊದಲ ಶಿಬಿರಕ್ಕೆ ಎಲೆಯಚ್ಚು ಒಳ್ಳೆಯದು. ಗಟ್ಟಿ ಹಲಗೆಯ ಮೇಲೆ ತೊಳೆದ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಎಲೆಯನ್ನು ನರವಿರುವ ಬದಿ ಕೆಳಗೆ ಮಾಡಿ ಇಟ್ಟು, ಮೇಲೊಂದು ಕಾಗದ ಮುಚ್ಚಿ ಮರದ ಸುತ್ತಿಗೆಯಿಂದ ತಟ್ಟಬೇಕು. ಎಲ್ಲರೂ ಮೊದಲು ನಡುವೆಯೇ ಜೋರಾಗಿ ಹೊಡೆಯುತ್ತಾರೆ, ಎಲೆ ಜಾರಿ ಹಸಿರು ಕಲೆಯಾಗುತ್ತದೆ. ಅಂಚಿನಿಂದ ಶುರುಮಾಡಿ, ಸಣ್ಣ ಸಣ್ಣ ಏಟಿನಲ್ಲಿ, ತೊಟ್ಟಿನ ಕಡೆಗೆ ಬರಬೇಕು. ಎಲೆಯನ್ನು ಬೆರಳಲ್ಲಿ ಉಜ್ಜಿದಾಗ ಹಸಿರು ಅಂಟಬೇಕು, ನೀರು ಸುರಿಯಬಾರದು. ತೀರಾ ರಸವಿರುವ ಎಲೆ ಚಿಮ್ಮಿ ಹರಡುತ್ತದೆ. ಕಾಗದ ಎತ್ತಿ ಎಲೆಯ ಚೂರುಗಳನ್ನು ಕೆರೆದು ತೆಗೆದಾಗ ಒಂದೊಂದು ನರವೂ ಬಟ್ಟೆಯಲ್ಲಿ ಮೂಡಿರುತ್ತದೆ. ಆ ಹೊತ್ತಿಗೆ ಮೇಜಿನ ಸುತ್ತ ಸದ್ದು ನಿಲ್ಲುತ್ತದೆ, ಸುತ್ತಿಗೆಯದ್ದೂ ಮಾತಿನದ್ದೂ. ಈ ಹಸಿರು ಶಾಶ್ವತವಲ್ಲ, ಬಿಸಿಲಿಗೆ ಕಂದು ತಿರುಗುತ್ತದೆ ಎಂದು ಮೊದಲೇ ಹೇಳಿಬಿಡಿ. ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ಎರಡು ವಾರ ನೆನೆಸಿದ ನೀರನ್ನು ತೆಳುಮಾಡಿ ಅದ್ದಿದರೆ ಒಗರಿನ ಅಂಶವಿರುವ ಎಲೆಗಳ ಅಚ್ಚು ಕಪ್ಪಗಾಗಿ ಹೆಚ್ಚು ಕಾಲ ನಿಲ್ಲುತ್ತದೆ.

ಚೆಂಡುಹೂವಿನ ಬಣ್ಣಕ್ಕೆ ತೂಕ ಮುಖ್ಯ. 100 ಗ್ರಾಂ ಒಣ ಹತ್ತಿ ಬಟ್ಟೆಗೆ 15 ಗ್ರಾಂ ಪಟಿಕ. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯನ್ನು ಒಂದು ಗಂಟೆ ನೆನೆಸಿಡಿ. ಅದಕ್ಕೂ ಮೊದಲು ದಾಳಿಂಬೆ ಸಿಪ್ಪೆ ಕುದಿಸಿದ ನೀರಿನಲ್ಲಿ ಒಮ್ಮೆ ಅದ್ದಿದ್ದರೆ ಇನ್ನೂ ಒಳ್ಳೆಯದು, ಹತ್ತಿಗೆ ಪಟಿಕ ಹಿಡಿಯಲು ಆ ಒಗರು ಸಹಾಯ ಮಾಡುತ್ತದೆ. ಉಣ್ಣೆ, ರೇಷ್ಮೆಗೆ ದಾಳಿಂಬೆಯ ಈ ಉಪಚಾರ ಬೇಕಿಲ್ಲ. ಬಟ್ಟೆಯ ಎರಡರಷ್ಟು ತೂಕದ ತಾಜಾ ಹೂ ಹಾಕಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿಡಿ. ಕೊತಕೊತ ಕುದಿಸಿದರೆ ಹಳದಿ ಮಂಕಾಗುತ್ತದೆ. ಸೋಸಿ, ಒದ್ದೆ ಬಟ್ಟೆ ಅದ್ದಿ. ಅದೇ ಬಣ್ಣದ ನೀರಿಗೆ ಆ ತುಕ್ಕುನೀರಿನ ಒಂದು ಚಮಚ ಬಿದ್ದರೆ ಹಳದಿ ಕಣ್ಣೆದುರೇ ಪಾಚಿಹಸಿರಾಗುತ್ತದೆ. ಎರಡು ಗಂಟೆಯ ಶಿಬಿರದಲ್ಲಿ ಇದೆಲ್ಲ ಮುಗಿಯುವುದಿಲ್ಲ, ಪಟಿಕದ ಕೆಲಸವನ್ನು ಹಿಂದಿನ ದಿನವೇ ಮಾಡಿಟ್ಟಿರಿ. ಬಣ್ಣ ಕುದಿಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಬಿಸಿಲಚ್ಚು ಮಕ್ಕಳಿಗೆ ಜಾದೂವಿದ್ದಂತೆ. ಕಬ್ಬಿಣದ ಲವಣಗಳನ್ನು ಬಳಿದ ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿದು, ಆಮೇಲೆ ನೀರಿನಲ್ಲಿ ತೊಳೆದರೆ ಎಲೆಯ ನೆರಳು ಬಿಳಿಯಾಗಿ, ಉಳಿದದ್ದು ಗಾಢ ನೀಲಿಯಾಗಿ ಉಳಿಯುತ್ತದೆ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ ಇದು. ಮರುವರ್ಷವೇ ಅಲ್ಲಿಯದೇ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ಕಡಲಪಾಚಿಗಳ ಚಿತ್ರಗಳನ್ನು ಹೀಗೆಯೇ ಅಚ್ಚು ಹಾಕತೊಡಗಿದರು. ಲೇಪಿಸಿದ ಕಾಗದ ಸಿದ್ಧವಾಗಿ ಸಿಗುತ್ತದೆ, ಅದನ್ನೇ ತನ್ನಿ. ಅಂಗಡಿ ಸಾಮಾನು ಬೇಡ ಎಂದವಳೇ ಹೀಗೆ ಹೇಳುತ್ತಿದ್ದೇನೆ, ಗೊತ್ತು.

ಹೆಣಿಗೆಗೆ ಬಳ್ಳಿ, ಎಳೆ ಕಡ್ಡಿಗಳನ್ನು ಹಸಿಯಾಗಿದ್ದಾಗಲೇ ಬಳಸಿ. ಬುಟ್ಟಿಯಂಥ ದುಂಡನೆಯ ವಸ್ತುವಿಗೆ ನಿಲುವುಕಡ್ಡಿಗಳ ಸಂಖ್ಯೆ ಬೆಸವಾಗಿರಬೇಕು: ಏಳು, ಒಂಬತ್ತು, ಹನ್ನೊಂದು. ಸಮಸಂಖ್ಯೆಯಾದರೆ ಪ್ರತಿ ಸುತ್ತಿನಲ್ಲೂ ಬಳ್ಳಿ ಅದೇ ಕಡ್ಡಿಯ ಹಿಂದೆಯೇ ಹೋಗಿ ಹೆಣಿಗೆ ಕೂರುವುದಿಲ್ಲ. ಇದನ್ನು ಮೊದಲೇ ಹೇಳದೆ, ಎಂಟು ಕಡ್ಡಿ ಕೊಟ್ಟು ಎರಡು ಸುತ್ತು ಹೆಣೆಯಲು ಬಿಡಿ. ಒಬ್ಬರಾದರೂ ತಾವಾಗಿ ಒಂಬತ್ತನೆಯದನ್ನು ಕೇಳುತ್ತಾರೆ.

ಕೀಟಗಳು ಗೂಡು ಕಟ್ಟಲೆಂದು ಕಡ್ಡಿ, ಮರದ ತುಂಡು ಜೋಡಿಸಿ ಮಾಡುವ “ಕೀಟಗಳ ಹೋಟೆಲ್” ಬಗ್ಗೆ ನನ್ನದೊಂದು ತಕರಾರಿದೆ. ಚಿತ್ರಗಳಲ್ಲಿ ಕಾಣುವ ದೊಡ್ಡ ಅರಮನೆಗಳಲ್ಲಿ ಜೇಡ ಮಾತ್ರ ವಾಸವಿರುತ್ತದೆ. ಒಂಟಿಯಾಗಿ ಬದುಕುವ ಜೇನುನೊಣಗಳಿಗೆ ಬೇಕಾದ್ದು ಒಂದು ಗೇಣು ಉದ್ದದ ಟೊಳ್ಳು ಕಡ್ಡಿ, ತೂತು 3ರಿಂದ 10 ಮಿಲಿಮೀಟರ್, ಹಿಂಬದಿ ಮುಚ್ಚಿರಬೇಕು, ಬಾಯಿಗೆ ಸಿಬಿರು ಇರಬಾರದು. ಅಂಥ ಇಪ್ಪತ್ತು ಕಡ್ಡಿಯ ಕಂತೆ ಕಟ್ಟಿ, ಬೆಳಗಿನ ಬಿಸಿಲು ಬೀಳುವ, ಮಳೆ ತಾಗದ ಕಡೆ ಅಲುಗಾಡದಂತೆ ಬಿಗಿಯಿರಿ. ಮರಿಗಳು ಹಾರಿಹೋದ ಮೇಲೆ ಹಳೆಯ ಕಡ್ಡಿ ತೆಗೆದು ಹೊಸದು ಹಾಕದಿದ್ದರೆ ನುಸಿ, ಬೂಷ್ಟು ಸೇರಿಕೊಳ್ಳುತ್ತವೆ.

ಹೆಜ್ಜೆ 7: ಕೈಗೆ ಸಿಕ್ಕಿದ್ದೆಲ್ಲ ಆಟಿಕೆಯಲ್ಲ

ಶಿಬಿರಕ್ಕೆ ಮುನ್ನ ತೋಟದ ಸುತ್ತ ಒಂದು ಸುತ್ತು ಬನ್ನಿ. ಕಣಗಿಲೆ, ಉಮ್ಮತ್ತಿ, ಹರಳಿನಂಥ ವಿಷದ ಗಿಡಗಳಿದ್ದರೆ ಎಲ್ಲರಿಗೂ ತೋರಿಸಿ ಹೆಸರು ಹೇಳಿ. ಮಣಿಸರಕ್ಕೆ ಗುಲಗಂಜಿ ತರುವವರು ಒಬ್ಬರಾದರೂ ಇರುತ್ತಾರೆ: ಕೆಂಪು, ಕಪ್ಪು ಚುಕ್ಕೆ, ಎಷ್ಟು ಮುದ್ದಾಗಿದೆ! ಅದರೊಳಗಿನ ವಿಷ ಅತಿ ಸಣ್ಣ ಪ್ರಮಾಣದಲ್ಲೂ ಪ್ರಾಣಾಂತಿಕ. ಇಡೀ ಬೀಜದ ಸಿಪ್ಪೆ ಗಟ್ಟಿ, ಆದರೆ ಸೂಜಿಯಿಂದ ತೂತು ಕೊರೆದ ಬೀಜಕ್ಕೆ ಆ ರಕ್ಷಣೆ ಇರುವುದಿಲ್ಲ. ಮೇಜಿನ ಹತ್ತಿರ ಬಿಡಲೇಬೇಡಿ. ಪಾರ್ಥೇನಿಯಂ ಕೀಳುವಾಗ ಕೈಗವಸು, ಹೂ ಬಿಡುವ ಮೊದಲೇ ಕೀಳಿ. ಸುತ್ತಿಗೆ ಕೆಲಸಕ್ಕೆ ಮಕ್ಕಳ ನಡುವೆ ಒಂದು ಮೊಳ ಜಾಗ, ಕತ್ತರಿಗೆ ಒಬ್ಬರು ಕಾವಲು. ತೋಟದಲ್ಲಿ ದುಡಿಯುವವರೆಲ್ಲ ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡಿರಲಿ.

ಹೆಜ್ಜೆ 8: ಬೀಜ ಎತ್ತಿಡುವುದು

ಬೆಳೆ ಮುಗಿಯುವಾಗ ಕೊನೆಯ ಶಿಬಿರ ಬೀಜದ ಪೊಟ್ಟಣದ್ದು. ಪ್ರತಿ ಪಾತಿಯ ಅತ್ಯುತ್ತಮ ಗಿಡ ಒಂದನ್ನು ಕೀಳದೆ ಬಿಟ್ಟಿರಬೇಕು, ಅದಕ್ಕೆ ಕೆಂಪು ಬಟ್ಟೆ ಕಟ್ಟಿ. ಹುರುಳಿಕಾಯಿ ಗಿಡದಲ್ಲೇ ಒಣಗಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಟೊಮೆಟೊ ತಿರುಳನ್ನು ಸ್ವಲ್ಪ ನೀರಿನೊಡನೆ ಎರಡು ಮೂರು ದಿನ ಹುಳಿಯಲು ಬಿಟ್ಟರೆ ಬೀಜಕ್ಕಂಟಿದ ಲೋಳೆ ಕರಗುತ್ತದೆ, ಗಟ್ಟಿ ಬೀಜ ತಳದಲ್ಲಿ ಉಳಿಯುತ್ತದೆ. ತೊಳೆದು ತಟ್ಟೆಯಲ್ಲಿ ಒಣಗಿಸಿ, ಕಾಗದದ ಮೇಲಲ್ಲ, ಅಂಟಿಕೊಳ್ಳುತ್ತದೆ. ಸಂಕರ (ಹೈಬ್ರಿಡ್) ತಳಿಯ ಗಿಡದಿಂದ ಬೀಜ ಎತ್ತಿದರೆ ಮುಂದಿನ ವರ್ಷ ತಾಯಿಯಂಥ ಗಿಡವೇ ಬರುತ್ತದೆಂಬ ಖಾತ್ರಿಯಿಲ್ಲ, ಅಂಥವನ್ನು ಬಿಟ್ಟುಬಿಡಿ.

ಹಳೆಯ ಕಾಗದ ಮಡಿಸಿ ಪೊಟ್ಟಣ ಮಾಡಿ, ಗಿಡದ ಹೆಸರು, ಪಾತಿಯ ಸಂಖ್ಯೆ, ತಿಂಗಳು, ವರ್ಷ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ. ನಮ್ಮ ಮೊದಲ ವರ್ಷದ ಪೊಟ್ಟಣಗಳ ಮೇಲೆ ಪೆನ್ನಿನಲ್ಲಿ ಬರೆದದ್ದು ತೇವಕ್ಕೆ ಕಲಸಿಹೋಗಿ, ಮರುವರ್ಷ ಮೂರನೇ ಪಾತಿಯಲ್ಲಿ ಏನು ಬಿತ್ತಿದ್ದೇವೆಂದು ಮೊಳಕೆ ಬರುವ ತನಕ ಯಾರಿಗೂ ಗೊತ್ತಿರಲಿಲ್ಲ. ಮೂಲಂಗಿಯಾಗಿತ್ತು.